ಬಂಡೆಯ ಬುಡದ ಹಸಿರು

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತಿನ ಗುಡ್ಡಗಳನ್ನು ನೋಡಿದವರು, ಯಾರೋ ಗುಂಡುಗಳನ್ನು ಹೊತ್ತು ತಂದು ಪೇರಿಸಿದ್ದಾರೆ ಅಂದುಕೊಳ್ಳುವುದು ಸಹಜ. ಆದರೆ ಗುಂಡುಗಳು ಇದ್ದಲ್ಲೇ ಇವೆ. ಜಾಗ ಬಿಟ್ಟು ಹೋಗಿದ್ದು ಸುತ್ತಲಿನ ಮಣ್ಣು.

ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಗುರುತಿಸುವ ಗ್ರಾನೈಟ್ ಪಟ್ಟಿ ಪಾವಗಡ, ಮೊಳಕಾಲ್ಮೂರು ದಾಟಿ ಇತ್ತ ಹಾದು ಹಂಪಿಯ ಕಡೆಗೆ ಸಾಗುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ಆರಿದ ಶಿಲಾರಸ ಅದು. ಮೇಲಿನ ಹೊದಿಕೆ ಸವೆದು ಭಾರ ತಗ್ಗಿದಂತೆ ಕಲ್ಲಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳು ಬಿಟ್ಟವು. ಅವುಗಳೊಳಗೆ ಇಳಿದ ನೀರು ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿಸಿತು; ಬೆಣಚು ಮರಳಾಗಿ ಉಳಿಯಿತು. ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಮೊದಲು ಸವೆದದ್ದು ಅವೇ. ಹೀಗೆ ಚೌಕದ ತುಂಡು ಮಣ್ಣೊಳಗಿದ್ದಾಗಲೇ ಗುಂಡಗಾಯಿತು.

ಇಂಥ ಕಲ್ಲುಗುಡ್ಡದಲ್ಲಿ, ಅದೂ ಮಳೆ ನೆಚ್ಚಲಾಗದ ಈ ಸೀಮೆಯಲ್ಲಿ, ಗಿಡ ಬದುಕುವುದು ಹೇಗೆ? ಕಲ್ಲಿನ ದೆಸೆಯಿಂದಲೇ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದನ್ನು ಬುಡಕ್ಕೆ ಜಾರಿಸುತ್ತದೆ. 10 ಚದರ ಮೀಟರ್ ಬಂಡೆಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ 200 ಲೀಟರ್ ನೀರು. ಅದರಲ್ಲಿ ಅರ್ಧ, ಬುಡದ ಒಂದು ಚದರ ಮೀಟರ್ ಮಣ್ಣಿಗೆ ಸೇರಿತೆನ್ನಿ. ಅಲ್ಲಿನ ಕಾರೆ ಗಿಡದ ಪಾಲಿಗೆ ಬಂದದ್ದು, ನೇರ ಮಳೆಯೂ ಸೇರಿ, 120 ಮಿಲಿಮೀಟರ್. ಹತ್ತು ಹೆಜ್ಜೆ ಆಚೆಯ ಬಯಲಿಗೆ ಸಿಕ್ಕಿದ್ದು ಅದೇ 20. ಕಾರೆ, ಕವಳಿ, ಬಾರೆ, ಸೀತಾಫಲ ಬಂಡೆಗೆ ಒತ್ತಿಕೊಂಡು ಬೆಳೆಯುವುದು ಸುಮ್ಮನಲ್ಲ.

ಬಂಡೆಯ ನೆತ್ತಿಯೂ ಪೂರ್ತಿ ಬರಡಲ್ಲ. ನೀರು ಹರಿವ ಜಾಡಿನಲ್ಲಿ ಕಾಣುವ ಕಪ್ಪು ಗೆರೆ ಕೊಳೆಯಲ್ಲ, ಜೀವಂತ ಸಯನೋಬ್ಯಾಕ್ಟೀರಿಯಾದ ಪದರ. ಇಂಥ ಬಂಡೆಗಳ ತಗ್ಗುಗಳಲ್ಲಿ, ಬೆರಳುದ್ದವೂ ಇಲ್ಲದ ಮಣ್ಣಿನಲ್ಲಿ, ಟ್ರೈಪೋಗಾನ್ ಎಂಬ ಸಣ್ಣ ಹುಲ್ಲು ಬೇಸಗೆಯಲ್ಲಿ ಪೂರಾ ಒಣಗಿ ಸತ್ತಂತಿರುತ್ತದೆ. ನೀರು ಬಿದ್ದರೆ ಅದೇ ಎಲೆ ಮತ್ತೆ ಹಸಿರಾಗುತ್ತದೆ. ಹೊಸ ಚಿಗುರಲ್ಲ, ಹಳೆಯ ಎಲೆಯೇ! ಸೀಳುಗಳಲ್ಲಿ ಕಲ್ಲತ್ತಿ, ಅದರ ಬೀಜ ತಂದದ್ದು ಹಕ್ಕಿ, ಬಾವಲಿ.

ಗುಂಡುಗಳ ಸಂದಿಯ ತಂಪಿನಲ್ಲಿ ಕರಡಿ ಹಗಲು ಕಳೆಯುತ್ತದೆ. ಕತ್ತಲಾದ ಮೇಲೆ ಗೆದ್ದಲು ಹುತ್ತ ಕೆದಕುತ್ತದೆ, ಬಾರೆ, ಕಕ್ಕೆಕಾಯಿ ತಿನ್ನುತ್ತದೆ, ಬೀಜಗಳನ್ನು ಲದ್ದಿಯ ಜೊತೆ ಗುಡ್ಡದ ತುಂಬ ಹರಡುತ್ತದೆ. 2013ರಲ್ಲಿ ಗುಡೇಕೋಟೆ ಕರಡಿಧಾಮವಾಯಿತು. ಧಾಮ ಅಂದರೆ ಜನ ಕಾಡನ್ನು ನೆನೆಯುತ್ತಾರೆ. ಇಲ್ಲಿ ಕಾಯಬೇಕಾದ ಮೊದಲ ವಸ್ತು ಕಲ್ಲು. ಒಡೆದ ಗುಂಡಿನ ಜಾಗದಲ್ಲಿ ಸಸಿ ನೆಡಬಹುದು, ಆದರೆ ಬುಡಕ್ಕೆ ಆ ನೂರು ಲೀಟರ್ ಹೊಯ್ಯಲು ಟ್ಯಾಂಕರೇ ಬರಬೇಕಾಗುತ್ತದೆ.