ತಿಕೋಟಾ: ಮೂರಕ್ಷರದ ಹಿಂದಿನ ಆರು ಸಂಕೇತಗಳು

ಕಚೇರಿಗಳ ತಂತ್ರಾಂಶ ಮೊದಲು ಬರಬೇಕೇ, ಅದು ಅನುಸರಿಸಬೇಕಾದ ಶಿಷ್ಟತೆ ಮೊದಲು ನೆಲೆಗೊಳ್ಳಬೇಕೇ ಎಂಬ ಪ್ರಶ್ನೆಗೆ ಕನ್ನಡ ಗಣಕೀಕರಣ ಉತ್ತರ ಸಿಗುವವರೆಗೆ ಕಾಯಲಿಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು, ಅಂದರೆ ವಿಜಯಪುರ ಭಾಗದವರು ಉತಾರವೆನ್ನುವ ಜಮೀನು ದಾಖಲೆಗಳು, ಗಣಕಕ್ಕೇರಿದಾಗ ಆ ಭಾಗದ ತಿಕೋಟಾ, ಬಬಲೇಶ್ವರ ಊರುಗಳು ಇನ್ನೂ ಬಿಜಾಪುರ (ಇಂದಿನ ವಿಜಯಪುರ) ತಾಲ್ಲೂಕಿನಲ್ಲೇ ಇದ್ದವು. ಯುನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ, 1991ರಲ್ಲೇ ಕನ್ನಡವನ್ನು ಒಳಗೊಂಡಿದ್ದರೂ ಸಾಮಾನ್ಯ ಗಣಕಗಳಲ್ಲಿ ಅದು ಸರಿಯಾಗಿ ಮೂಡುವ ಸ್ಥಿತಿ ಇರಲಿಲ್ಲ.

1991ರಲ್ಲಿಯೇ ಭಾರತೀಯ ಮಾನಕ ಬ್ಯೂರೋ ಇಸ್ಕಿ ಎಂಬ ಸಂಕೇತಪಟ್ಟಿಯನ್ನು ಪ್ರಕಟಿಸಿತ್ತಾದರೂ ಬೆರಳಚ್ಚಿನ ನಿತ್ಯದ ಕೆಲಸ ನಡೆದದ್ದು ಬಹುಮಟ್ಟಿಗೆ ಫಾಂಟ್ ಸಂಕೇತಗಳ, ಅಂದರೆ ಅಕ್ಷರಕ್ಕಲ್ಲದೆ ಅಚ್ಚಿನ ಆಕಾರಕ್ಕೆ ಕೊಟ್ಟ ಸಂಖ್ಯೆಗಳ ಮೇಲೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಕಚೇರಿ ಕಚೇರಿಗಳ ನಡುವಿನ ಗೊಂದಲವನ್ನು ತಗ್ಗಿಸಿತು. ಆದರೆ ಅದರ ಹಳೆಯ ಕಡತಗಳಲ್ಲಿ ಉಳಿದದ್ದು ಅಕ್ಷರವಲ್ಲ, ಆಕಾರ. 'ತಿಕೋಟಾ' ಎಂಬಲ್ಲಿ 'ತಿ' ಒಂದೇ ಅಚ್ಚು, 'ಕೋ' ಹಲವು ತುಂಡು. ಯುನಿಕೋಡ್‌ನಲ್ಲಿ ಇದೇ ಹೆಸರು ತ, ಇಕಾರ, ಕ, ಓಕಾರ, ಟ, ಆಕಾರ ಎಂಬ ಆರು ಸಂಕೇತಗಳಾಗಿ ನಿಲ್ಲುತ್ತದೆ. ಓಕಾರವನ್ನು ಬಿಡಿಸಿ ಮೂರಾಗಿ ಬರೆದರೆ ಎಂಟಾಗುತ್ತದೆ. ಎರಡೂ ಒಂದೇ ಎಂದು ಶಿಷ್ಟತೆ ಹೇಳುತ್ತದೆ, ಆದರೆ ಅವನ್ನು ಒಂದೇ ರೂಪಕ್ಕೆ ತಾರದ ತಂತ್ರಾಂಶದಲ್ಲಿ ಹುಡುಕಿದವರಿಗೆ ಕಣ್ಣೆದುರಿನ ಊರೇ ಸಿಗುವುದಿಲ್ಲ.

ಶಿಷ್ಟತೆಯೂ ನಿಂತ ನೀರಾಗಿರಲಿಲ್ಲ. ಅವಗ್ರಹ ಚಿಹ್ನೆ ಕನ್ನಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ನಕಾರ ಪೊಲ್ಲು, ಅಂದರೆ ಸ್ವರವಿಲ್ಲದ ನಕಾರದ ಹಳೆಯ ರೂಪ, ಸೇರಿದ್ದು 2021ರಲ್ಲಿ. ಹಳಗನ್ನಡದ 'ೞ' ಅಕ್ಷರಕ್ಕೆ ಆರಂಭದಲ್ಲಿ ತಪ್ಪಾಗಿ ಬಿದ್ದ 'ಫ' ಎಂಬ ಹೆಸರು ಇಂದಿಗೂ ಅಧಿಕೃತ ಪಟ್ಟಿಯಲ್ಲಿದೆ, ಏಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡ್‌ನ ನಿಯಮ. ತಿದ್ದುಪಡಿಯನ್ನು ಉಪನಾಮವಾಗಿ ಪಕ್ಕದಲ್ಲಿ ಕೊಡಲಾಗಿದೆ.

ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯುನಿಕೋಡನ್ನು ಮಾನಕವೆಂದು ಘೋಷಿಸಿದ್ದು 2009ರ ನವೆಂಬರ್‌ನಲ್ಲಿ. ಉತಾರಕ್ಕಾಗಿ ನಿಂತ ರೈತನನ್ನು ಅಲ್ಲಿಯವರೆಗೆ ಕಾಯಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಕೆಲಸ ಮೊದಲೇ ಆರಂಭವಾದದ್ದು ಸರಿಯೇ. ಎಡವಿದ್ದು ಕಾಗದದ ಮೇಲೆ ಕಾಣುವುದನ್ನೇ ದಾಖಲೆಯೆಂದು ಬಗೆದು ಆಕಾರಗಳನ್ನು ಕೂಡಿಟ್ಟಲ್ಲಿ. ಅಂಥ ಕಡತಗಳು ಇನ್ನೂ ಉಳಿದಿರುವ ಕಚೇರಿಗಳು ಅವನ್ನು ಯುನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮೂಲ ಮುದ್ರಿತ ಪ್ರತಿಯೊಡನೆ ತಾಳೆ ನೋಡಿದ ನಂತರವೇ ಹಳೆಯದನ್ನು ಅಳಿಸಬೇಕು.