ಗುತ್ತಿಗೆದಾರರ ಪರಿಚಯ ಪತ್ರ ಮತ್ತು ನೇಮಕಾತಿ ಏಜೆಂಟರು: ಸದಸ್ಯರು ಅರಿತಿರಬೇಕಾದ ವಿಷಯಗಳು

ಗಾರೆ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ವೆಲ್ಡಿಂಗ್, ವಾಹನ ಚಾಲನೆ ಮುಂತಾದ ಕೆಲಸಗಳನ್ನು ಅರಸಿ ನಗರಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ತೆರಳುವ ನಮ್ಮ ಗ್ರಾಮಗಳ ಕಾರ್ಮಿಕರಲ್ಲಿ ಅನೇಕರ ಬಳಿ ತರಬೇತಿ ಪ್ರಮಾಣಪತ್ರವಾಗಲಿ, ನೇಮಕಾತಿ ಆದೇಶವಾಗಲಿ ಇರುವುದಿಲ್ಲ. ಅವರ ಕೌಶಲಕ್ಕೆ ಇರುವ ಲಿಖಿತ ಸಾಕ್ಷ್ಯವೆಂದರೆ, ಹಿಂದೆ ಕೆಲಸ ಮಾಡಿಸಿದ ಗುತ್ತಿಗೆದಾರರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಡುವ ಪರಿಚಯ ಪತ್ರ ಅಥವಾ ಅನುಭವ ಪತ್ರ ಮಾತ್ರ. ಈ ಪತ್ರವು ಕಾರ್ಮಿಕರ ಪಾಲಿಗೆ ಆಸ್ತಿಯಿದ್ದಂತೆ. ಆದರೆ ಇದೇ ಪತ್ರವು ಕೆಲವು ನೇಮಕಾತಿ ಏಜೆಂಟರ ಕೈಯಲ್ಲಿ ವಂಚನೆಯ ಸಾಧನವಾಗುತ್ತದೆ. ಇದರ ಬಗೆ ಮತ್ತು ತಡೆಯುವ ಕ್ರಮಗಳನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಪತ್ರದ ನ್ಯಾಯಯುತ ಬಳಕೆ

ಗುತ್ತಿಗೆದಾರರ ದೃಢೀಕರಣಕ್ಕೆ ಕಾನೂನಿನಲ್ಲಿಯೂ ಸ್ಥಾನವಿದೆ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು 18ರಿಂದ 60 ವರ್ಷದೊಳಗಿನ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿರುವುದಕ್ಕೆ ದೃಢೀಕರಣ ಒದಗಿಸಬೇಕು. ಹೊಸ ಉದ್ಯೋಗದಾತರು ಕೆಲಸಗಾರರ ಅನುಭವವನ್ನು ವಿಚಾರಿಸುವುದೂ ಸಹಜ. ಆದುದರಿಂದ ಪತ್ರ ನೀಡುವುದನ್ನೇ ನಿಲ್ಲಿಸುವುದು ಪರಿಹಾರವಲ್ಲ. ಯಾರಿಗೆ, ಯಾವಾಗ, ಯಾವ ಉದ್ದೇಶಕ್ಕೆ ನೀಡಬೇಕೆಂಬುದೇ ಮುಖ್ಯ ಪ್ರಶ್ನೆ.

ದುರ್ಬಳಕೆಯ ವಿಧಗಳು

ಮೊದಲನೆಯದು, ಕೆಲಸವೇ ಇಲ್ಲದಿರುವಾಗ ಪರಿಚಯಸ್ಥರ ಹೆಸರುಗಳನ್ನು ಸಂಗ್ರಹಿಸುವುದು. "ಹಿಂದಿನ ಮೂವರು ಗುತ್ತಿಗೆದಾರರ ಹೆಸರು ಮತ್ತು ಮೊಬೈಲ್ ಸಂಖ್ಯೆ ಕೊಡಿ, ವಿಚಾರಿಸಿ ಕೆಲಸ ಕೊಡಿಸುತ್ತೇವೆ" ಎಂದು ಏಜೆಂಟರು ಕೇಳುತ್ತಾರೆ. ಹೆಸರು ದೊರೆತ ಮೇಲೆ ಆ ಕಾರ್ಮಿಕನ ಬಗ್ಗೆ ವಿಚಾರಣೆ ನಡೆಯುವುದೇ ಇಲ್ಲ. ಬದಲಿಗೆ ಏಜೆಂಟರು ಆ ಗುತ್ತಿಗೆದಾರರಿಗೆ ಕರೆ ಮಾಡಿ ತಮ್ಮ ಆಳುಗಳನ್ನು ಕಡಿಮೆ ಕೂಲಿಗೆ ಒದಗಿಸುವುದಾಗಿ ಹೇಳುತ್ತಾರೆ. ಹೆಸರು ಕೊಟ್ಟ ಕಾರ್ಮಿಕನಿಗೆ ಹೊಸ ಕೆಲಸವೂ ಸಿಗುವುದಿಲ್ಲ, ಹಳೆಯ ಗುತ್ತಿಗೆದಾರರ ವಿಶ್ವಾಸವೂ ಉಳಿಯುವುದಿಲ್ಲ.

ಎರಡನೆಯದು, ಹೆಸರನ್ನು ಬಲೆಯಾಗಿ ಬಳಸುವುದು. ಒಂದು ಊರಿನಲ್ಲಿ ಪಡೆದ ಪತ್ರವನ್ನು ಪಕ್ಕದ ಊರಿನಲ್ಲಿ ತೋರಿಸಿ, "ಈ ಗುತ್ತಿಗೆದಾರರೇ ನಮ್ಮನ್ನು ಕಳುಹಿಸಿದ್ದಾರೆ" ಎಂದು ನಂಬಿಸಿ ಹಣ ಸಂಗ್ರಹಿಸುತ್ತಾರೆ. ಪರಿಚಿತರ ಹೆಸರು ಕೇಳಿದ ಜನರು ರಸೀದಿಯನ್ನೂ ಕೇಳುವುದಿಲ್ಲ.

ಮೂರನೆಯದು, ಪತ್ರವನ್ನು ತಿದ್ದುವುದು. ಲೆಟರ್‌ಹೆಡ್‌ನ ಪ್ರತಿ ಮಾಡಿ, ಸಹಾಯಕನನ್ನು ಮೇಸ್ತ್ರಿಯೆಂದೂ ಒಂದು ವರ್ಷದ ಅನುಭವವನ್ನು ಐದು ವರ್ಷವೆಂದೂ ಬರೆಯಲಾಗುತ್ತದೆ. ವಿದೇಶದ ಕೆಲಸದ ಸ್ಥಳದಲ್ಲಿ ನಿಜ ಬಯಲಾದಾಗ ಕಾರ್ಮಿಕನನ್ನು ಕಡಿಮೆ ಸಂಬಳದ ಕೆಲಸಕ್ಕೆ ಇಳಿಸುತ್ತಾರೆ ಅಥವಾ ಹಿಂದಕ್ಕೆ ಕಳುಹಿಸುತ್ತಾರೆ. ಪ್ರಯಾಣಕ್ಕೆಂದು ಮಾಡಿದ ಸಾಲ ಮಾತ್ರ ಮನೆಯವರ ತಲೆಯ ಮೇಲೆ ಉಳಿಯುತ್ತದೆ.

ನಾಲ್ಕನೆಯದು, ಪತ್ರದ ಜೊತೆಗೆ ಆಧಾರ್, ಪಾನ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಪಡೆದು, ಅವುಗಳಿಂದ ಬೇರೆಯವರ ವ್ಯವಹಾರಕ್ಕಾಗಿ ಸಿಮ್ ಅಥವಾ ಬ್ಯಾಂಕ್ ಖಾತೆ ತೆರೆಯುವುದು. ಅಂತಹ ಖಾತೆಯಲ್ಲಿ ವಂಚನೆಯ ಹಣ ಹರಿದಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಆ ಕಾರ್ಮಿಕನ ಮನೆಗೆ.

2024ರ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ತೆರಳಿ, ಯುದ್ಧಭೂಮಿಗೆ ಕಳುಹಿಸಲ್ಪಟ್ಟ ಸಂಗತಿ ಸದಸ್ಯರಿಗೆ ನೆನಪಿರಬಹುದು. ಏಜೆಂಟರ ಮಾತನ್ನು ಪರಿಶೀಲಿಸದೆ ನಂಬಿದರೆ ಅಪಾಯವು ಹಣದ ನಷ್ಟಕ್ಕೆ ಸೀಮಿತವಾಗಿರುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಕಾನೂನು ಏನು ಹೇಳುತ್ತದೆ

1983ರ ವಲಸೆ ಅಧಿನಿಯಮದ ಪ್ರಕಾರ, ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಳ್ಳದೆ ಯಾರೂ ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಕ ಮಾಡಿಕೊಳ್ಳುವಂತಿಲ್ಲ. ಉಲ್ಲಂಘನೆಗೆ ಎರಡು ವರ್ಷದವರೆಗೆ ಕಾರಾಗೃಹ ವಾಸ ಮತ್ತು ದಂಡ ವಿಧಿಸಬಹುದು. ಊರೂರು ಸುತ್ತುವ ಉಪ ಏಜೆಂಟರಿಗೆ ಮಾನ್ಯತೆಯಿಲ್ಲ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ನೀಡುವುದು ಅವರ ಹೊಣೆ.

ಹತ್ತನೇ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ಅನುಮತಿ ಅಗತ್ಯವಿರುವ ವರ್ಗಕ್ಕೆ ಸೇರುತ್ತದೆ. ಅವರು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹ್ರೇನ್, ಯುಎಇ, ಮಲೇಷ್ಯಾ ಮುಂತಾದ ದೇಶಗಳಿಗೆ ಕೆಲಸಕ್ಕಾಗಿ ಹೋಗುವ ಮುನ್ನ ವಲಸೆ ಅನುಮತಿ ಪಡೆಯಬೇಕು. ಈ ಅನುಮತಿಯೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಗಳ ವಿಮಾ ರಕ್ಷಣೆಯೂ ದೊರೆಯುತ್ತದೆ. "ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಿ" ಎಂದು ಹೇಳುವವರು ಈ ರಕ್ಷಣೆಯನ್ನೇ ಕಾರ್ಮಿಕರಿಂದ ಕಸಿದುಕೊಳ್ಳುತ್ತಾರೆ. ಪತ್ರವನ್ನು ತಿದ್ದುವುದು ಮತ್ತು ಸುಳ್ಳು ಭರವಸೆಯಿಂದ ಹಣ ಪಡೆಯುವುದು 2023ರ ಭಾರತೀಯ ನ್ಯಾಯ ಸಂಹಿತೆಯ ಕಲಂ 336 ಮತ್ತು 318ರ ಅಡಿ ಅನುಕ್ರಮವಾಗಿ ನಕಲಿ ಸೃಷ್ಟಿ ಮತ್ತು ವಂಚನೆಯ ಅಪರಾಧಗಳಾಗುತ್ತವೆ.

ಪತ್ರ ನೀಡುವಾಗ ಪಾಲಿಸಬೇಕಾದ ಕ್ರಮ

ತಮ್ಮ ವ್ಯಾಪ್ತಿಯ ಗುತ್ತಿಗೆದಾರರಿಗೂ ಮೇಸ್ತ್ರಿಗಳಿಗೂ ಸದಸ್ಯರು ಈ ಕೆಳಗಿನ ಅಂಶಗಳನ್ನು ಮನವರಿಕೆ ಮಾಡಿಕೊಡಬಹುದು.

1. ಪತ್ರವನ್ನು ಕಾರ್ಮಿಕರ ಕೈಗೇ ನೀಡಬೇಕು, ಏಜೆಂಟರಿಗಲ್ಲ. "ಸಂಬಂಧಪಟ್ಟವರಿಗೆ" ಎಂದು ಬರೆಯದೆ ಉದ್ಯೋಗದಾತರ ಹೆಸರು, ಉದ್ದೇಶ ಮತ್ತು ದಿನಾಂಕವನ್ನು ನಮೂದಿಸಬೇಕು.
2. ಮಾಡಿದ ಕೆಲಸ ಮತ್ತು ಅವಧಿಯನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕು. ಖಾಲಿ ಲೆಟರ್‌ಹೆಡ್‌ಗೆ ಎಂದಿಗೂ ಸಹಿ ಹಾಕಬಾರದು.
3. ನೀಡಿದ ಪ್ರತಿ ಪತ್ರದ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಮುಂದೆ ತಿದ್ದುಪಡಿಯಾದರೆ ಹೋಲಿಸಿ ತೋರಿಸಲು ಅದೇ ಆಧಾರ.
4. ಗುತ್ತಿಗೆದಾರರ ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆಯಿಲ್ಲದೆ ಕಾರ್ಮಿಕರು ಬೇರೆಯವರಿಗೆ ಕೊಡಬಾರದು. ಲಿಖಿತ ಉದ್ಯೋಗ ಪ್ರಸ್ತಾವ ಕೈಸೇರಿದ ಬಳಿಕ ಕೊಟ್ಟರೂ ತಡವಾಗುವುದಿಲ್ಲ.

ಈ ಮಾತು ಸದಸ್ಯರಿಗೂ ಅನ್ವಯಿಸುತ್ತದೆ. ಸದಸ್ಯರು ನೀಡುವ ಪರಿಚಯ ಪತ್ರಕ್ಕೆ ಗ್ರಾಮಸ್ಥರಲ್ಲಿ ಗುತ್ತಿಗೆದಾರರ ಪತ್ರಕ್ಕಿಂತ ಹೆಚ್ಚಿನ ತೂಕವಿದೆ. ಏಜೆಂಟರ ಕೋರಿಕೆಯ ಮೇರೆಗೆ, ಅವರ ಸಾಚಾತನವನ್ನು ಹೊಗಳಿ ಬರೆದ ಒಂದು ಸಾಲು ಮರುದಿನ ಹತ್ತು ಮನೆಗಳ ಬಾಗಿಲಲ್ಲಿ ಜಾಮೀನಿನಂತೆ ಕೆಲಸ ಮಾಡುತ್ತದೆ. ಏಜೆಂಟರೊಂದಿಗೆ ತೆಗೆಸಿಕೊಂಡ ಛಾಯಾಚಿತ್ರವೂ ಹಾಗೆಯೇ. ಆದುದರಿಂದ ವ್ಯಕ್ತಿಯ ವಾಸಸ್ಥಳ, ಗುರುತು ಮುಂತಾಗಿ ತಮಗೆ ನೇರವಾಗಿ ತಿಳಿದಿರುವ ವಿಷಯವನ್ನು ಮಾತ್ರ ಬರೆಯುವುದು ಕ್ಷೇಮ.

ಪರಿಶೀಲನೆ ಮತ್ತು ದೂರು

ಗ್ರಾಮಕ್ಕೆ ಏಜೆಂಟರು ಬಂದಾಗ ಅವರ ನೋಂದಣಿ ಸಂಖ್ಯೆಯನ್ನು ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಈ ಕಾರ್ಯಕ್ಕೆ ಪಂಚಾಯತಿ ಕಚೇರಿಯ ಗಣಕಯಂತ್ರವೇ ಸಾಕು. ಉದ್ಯೋಗದ ಕರಾರಿನ ಪ್ರತಿಯನ್ನು ನೋಡಿ, ಅದರಲ್ಲಿ ಉದ್ಯೋಗದಾತರ ಹೆಸರು, ಕೆಲಸ, ಸಂಬಳ ಮತ್ತು ಅವಧಿ ಇವೆಯೇ ಎಂದು ಪರೀಕ್ಷಿಸಬೇಕು.

ವಂಚನೆ ನಡೆದಿದ್ದರೆ ಹಣ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಸಂದೇಶಗಳು ಮತ್ತು ಪತ್ರದ ಪ್ರತಿಗಳನ್ನು ಅಳಿಸದೆ ಕಾಪಾಡಿಕೊಂಡು ಸ್ಥಳೀಯ ಪೊಲೀಸ್ ಠಾಣೆಗೆ ದೂರು ನೀಡಲು ನೊಂದವರಿಗೆ ನೆರವಾಗಬೇಕು. ಆನ್‌ಲೈನ್ ಮೂಲಕ ಹಣ ಹೋಗಿದ್ದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ವಿದೇಶಿ ಉದ್ಯೋಗದ ಸಲಹೆ ಮತ್ತು ದೂರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 11 3090 ಲಭ್ಯವಿದೆ.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರುವುದೇ ಏಜೆಂಟರಿಗೆ ದೊಡ್ಡ ರಕ್ಷಣೆ. ಅವರ ಹೆಸರನ್ನು ಬಹಿರಂಗಪಡಿಸದೆ, ವಂಚನೆಯ ವಿಧಾನವನ್ನಷ್ಟೇ ಮುಂದಿನ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಲ್ಲಿ ತಿಳಿಸಬೇಕಾಗಿ ಕೋರಿದೆ. ಹೊರಡುವ ಮುನ್ನ ಒಂದು ದಿನ ಪಂಚಾಯತಿ ಕಚೇರಿಗೆ ಬಂದು ದಾಖಲೆಗಳನ್ನು ತೋರಿಸುವ ರೂಢಿ ಗ್ರಾಮದಲ್ಲಿ ಬೆಳೆದರೆ, ಇಂತಹ ಅನೇಕ ವಂಚನೆಗಳನ್ನು ಊರಿನ ಗಡಿಯಲ್ಲಿಯೇ ತಡೆಯಲು ಸಾಧ್ಯವಾಗುತ್ತದೆ.