ಹಿತ್ತಲ ಗಿಡಕ್ಕೆ ಔಷಧಿ ಹೊಡೆಯುವ ಮೊದಲು ನೀರನ್ನು ಪರೀಕ್ಷಿಸಿರಿ

ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಬಹುಪಾಲು ಹಿತ್ತಲುಗಳಿಗೆ ಕೊಳವೆ ಬಾವಿಯ ನೀರೇ ಆಧಾರ. ಈ ನೀರಿನಲ್ಲಿ ಬೆಳೆದ ಕರಿಬೇವು, ನಿಂಬೆ, ಮಲ್ಲಿಗೆ ಗಿಡಗಳು ಕೆಲವು ಕಾಲ ಚೆನ್ನಾಗಿದ್ದು, ಅನಂತರ ಚಿಗುರು ಹಳದಿಯಾಗಿ ಸೊರಗುವುದನ್ನು ತಾವು ನೋಡಿರಬಹುದು. ಹುಳ ಬಿದ್ದಿದೆಯೆಂದು ತಿಳಿದು, ಹೊಲಕ್ಕೆ ತಂದು ಉಳಿದ ಔಷಧಿಯನ್ನು ಹೊಡೆಯುವವರುಂಟು. ಗುಣ ಕಾಣದಿದ್ದರೆ ಎರಡನೆಯ ಸಲ ಪ್ರಮಾಣ ಹೆಚ್ಚಿಸುತ್ತಾರೆ. ಅದೇ ಗಿಡದ ಸೊಪ್ಪು ಒಗ್ಗರಣೆಗೆ ಬೀಳುತ್ತದೆಂಬುದನ್ನು ಮರೆಯಬಾರದು.

ಹಳದಿ ಎಲ್ಲಿಂದ ಆರಂಭವಾಯಿತು?

ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಕೊಟ್ಟಿಗೆ ಗೊಬ್ಬರ ಕೊಡಿರಿ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಾದಾಗ ಬೇರು ಅದನ್ನು ಹೀರಲಾರದು.

ನೀರಿನ ಹುಳಿ ಅಥವಾ ಕ್ಷಾರ ಗುಣವನ್ನು ರಸಸಾರ ಎಂಬ ಅಳತೆಯಿಂದ ತಿಳಿಯುತ್ತಾರೆ. 7 ಎಂದರೆ ಸಮ. ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕಿ ಏರಿತೆಂದರೆ ಕ್ಷಾರ ಹತ್ತು ಪಟ್ಟು ಏರಿದಂತೆ. ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಯಲ್ಲಿ ದೊರೆಯುವ ರಸಸಾರ ಕಾಗದವನ್ನು ನೀರಿನಲ್ಲಿ ಅದ್ದಿ, ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ನೋಡಬಹುದು. ಕುಂಡದ ಅಂಚಿನಲ್ಲಿ ಬಿಳಿ ಹೊಪ್ಪಳೆ, ನೀರು ಕಾಯಿಸುವ ಪಾತ್ರೆಯಲ್ಲಿ ಸುಣ್ಣದ ಪದರ, ನೊರೆ ಕೊಡದ ಸಾಬೂನು ಇವೆಲ್ಲ ಗಡಸು ನೀರಿನ ಗುರುತುಗಳು.

ಮನೆಯಲ್ಲೇ ಮಾಡಬಹುದಾದ ಉಪಾಯ

ಒಲೆಯ ಬೂದಿಯನ್ನೂ ಸೋಡಾ, ಸಾಬೂನು ಪುಡಿ ಬೆರೆತ ಬಟ್ಟೆ ಒಗೆದ ನೀರನ್ನೂ ಇಂಥ ಗಿಡಗಳ ಬುಡಕ್ಕೆ ಹಾಕಬೇಡಿರಿ, ಎರಡೂ ಕ್ಷಾರವೇ. ಮಳೆಗಾಲದಲ್ಲಿ ಮಾಡಿನ ನೀರನ್ನು ಹಿಡಿದಿಡಿರಿ. ನೂರು ಚದರ ಅಡಿಯ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾದುದು ಕಳೆದು ಸುಮಾರು 75 ಲೀಟರ್ ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಿರಿ.

ಹಳದಿಗೆ ಒಂದು ಲೀಟರ್ ಮಳೆ ನೀರಿಗೆ 1 ಗ್ರಾಂ ನಿಂಬೆ ಉಪ್ಪು, ಆಮೇಲೆ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆಯ ಹೊತ್ತು ಎಳೆಯ ಎಲೆಗಳಿಗೆ ಸಿಂಪಡಿಸಿರಿ. ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಮೂರು ಸಲ ಸಾಕು. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಕೆಟ್ಟಿತೆಂದು ತಿಳಿದು ಚೆಲ್ಲಿಬಿಡಿರಿ. ಜಿಪ್ಸಂ ಎಲ್ಲಕ್ಕೂ ಮದ್ದಲ್ಲ. ಸೋಡಿಯಂ ಹೆಚ್ಚಿದೆಯೆಂದು ಮಣ್ಣು ಪರೀಕ್ಷೆ ಹೇಳಿದರೆ ಮಾತ್ರ ಹಾಕಿರಿ.

ಕೀಟಗಳಿದ್ದರೆ

ಎಲೆಯನ್ನು ತಿರುಗಿಸಿ ನೋಡಿರಿ. ಮೆಣಸಿನ ಎಲೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿಯ ಕಾಟವಿರಬಹುದು. ಇರುವೆಗಳು ಸಾಲಾಗಿ ಗಿಡ ಹತ್ತುತ್ತಿದ್ದರೆ ಸಸ್ಯಹೇನು ಅಥವಾ ಹಿಟ್ಟು ತಿಗಣೆ ಇದೆಯೇ ಎಂದು ಹುಡುಕಿರಿ. ಅವು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ಕಾಯುತ್ತವೆ. ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು. ಕೈಯಿಂದಲೇ ಆರಿಸಿ ತೆಗೆಯಿರಿ. ಹೇನನ್ನು ರಭಸದ ನೀರಿನಿಂದ ತೊಳೆಯಿರಿ. ಗುಲಗಂಜಿ ಹುಳುವನ್ನು ಕೊಲ್ಲಬೇಡಿರಿ, ಅದು ಹೇನನ್ನು ತಿನ್ನುವ ಮಿತ್ರ.

ಇಷ್ಟಕ್ಕೂ ಬಗ್ಗದಿದ್ದರೆ 50 ಗ್ರಾಂ ಒಣ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ ಹಿಂಡಿರಿ. ಸೋಸಿ 2 ಗ್ರಾಂ ಬಾರ್ ಸಾಬೂನು ಕರಗಿಸಿ ಅಂದೇ ಸಂಜೆ ಹೊಡೆಯಿರಿ. ಬಿಸಿಲಿಗೆ ಇದರ ಸತ್ವ ಕೆಡುತ್ತದೆ.

ಔಷಧಿ ಏಕೆ ಫಲಿಸದು?

ಮೆಲಾಥಿಯಾನ್, ಡೈಮಿಥೋಯೇಟ್‌ನಂಥ ಔಷಧಿಗಳೂ ಬೇವಿನ ಸತ್ವವೂ ಕ್ಷಾರ ನೀರಿನಲ್ಲಿ ಬೇಗ ಒಡೆದು ಶಕ್ತಿ ಕಳೆದುಕೊಳ್ಳುತ್ತವೆ. ಬೆಳಿಗ್ಗೆ ಕಲಸಿಟ್ಟು ಸಂಜೆ ಹೊಡೆದರೆ ಹಣ ನೀರಿಗೆ ಹಾಕಿದಂತೆ. ಗಡಸು ನೀರಿನಲ್ಲಿ ಸಾಬೂನು ಒಡೆದ ಹಾಲಿನಂತಾಗಿ ಸಿಂಪಡಣೆಯ ಮೂತಿಯನ್ನೂ ಕಟ್ಟುತ್ತದೆ. ಆದುದರಿಂದ ಸಿಂಪಡಣೆಗೆ ಮಳೆ ನೀರನ್ನೇ ಬಳಸಿರಿ. ಅದಿಲ್ಲದಿದ್ದರೆ ಔಷಧಿ ಬೆರೆಸುವ ಮೊದಲೇ ನೀರಿಗೆ ಚಿಟಿಕೆ ಚಿಟಿಕೆಯಾಗಿ ನಿಂಬೆ ಉಪ್ಪು ಹಾಕುತ್ತ, ಕಾಗದ 6ರ ಬಣ್ಣ ತೋರಿಸಿದೊಡನೆ ನಿಲ್ಲಿಸಿರಿ. ಬೋರ್ಡೋ ದ್ರಾವಣಕ್ಕೆ ಮಾತ್ರ ಹುಳಿ ಸೇರಿಸಬಾರದು. ತಾಮ್ರ ಕರಗಿ ಎಲೆ ಸುಟ್ಟೀತು.

ಅಡಿಗೆಗೆ ಕೀಳುವ ಗಿಡಕ್ಕೆ ಹೊಲದ ಔಷಧಿ ಬೇಡವೇ ಬೇಡ. ಈ ವಾರವೇ ಒಂದು ಸೀಸೆ ನೀರನ್ನೂ ಒಂದು ಹಿಡಿ ಮಣ್ಣನ್ನೂ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ.